ಕೈಯಾರೆ ಮಾಡಿದ ಶುಭಾಶಯ, ಕೈಯಾರೆ ಕಟ್ಟಿದ ನೆನಪು



ನಮ್ಮ ಸಂಘಗಳ ಸಭೆಯಲ್ಲಿ ಉಳಿತಾಯ, ಸಾಲ, ಬಡ್ಡಿ, ಮರುಪಾವತಿ ಇವುಗಳ ಬಗ್ಗೆಯೇ ಹೆಚ್ಚು ಮಾತು ನಡೆಯುತ್ತದೆ. ಅದು ಬೇಕಾದದ್ದೇ. ಆದರೆ ಲೆಕ್ಕದ ಪುಸ್ತಕ ಮುಚ್ಚಿದ ಮೇಲೂ ನಮ್ಮ ಬದುಕಿನಲ್ಲಿ ಬೇಕಾದಷ್ಟು ಉಳಿದಿರುತ್ತದೆ. ದಿನವಿಡೀ ಮನೆ, ಮಕ್ಕಳು, ಕೂಲಿ, ದನಕರು ಎಂದು ಓಡಾಡುವ ಹೆಣ್ಣುಮಗಳಿಗೆ "ಇದು ನನ್ನದು, ನಾನು ಮಾಡಿದ್ದು" ಎಂದು ಹೇಳಿಕೊಳ್ಳುವ ಒಂದು ಸಣ್ಣ ಕೆಲಸ ಬೇಕು. ಅಂತಹ ಎರಡು ಕೆಲಸಗಳನ್ನು ಈ ಸಲ ತಿಳಿದುಕೊಳ್ಳೋಣ. ಒಂದು, ಕೈಯಿಂದ ಶುಭಾಶಯ ಪತ್ರ ಅಂದರೆ ಗ್ರೀಟಿಂಗ್ ಕಾರ್ಡ್ ಮಾಡುವುದು. ಇನ್ನೊಂದು, ಫೋಟೋ ಮತ್ತು ಕಾಗದದ ತುಣುಕುಗಳನ್ನು ಅಂಟಿಸಿ ನೆನಪಿನ ಪುಸ್ತಕ ಕಟ್ಟುವುದು. ಇದನ್ನೇ ಸ್ಕ್ರ್ಯಾಪ್ ಬುಕ್ ಎನ್ನುತ್ತಾರೆ.

"ಅಯ್ಯೋ ಸಿಸ್ಟರ್, ನಮಗೆ ಚಿತ್ರ ಬಿಡಿಸೋಕೆ ಎಲ್ಲಿ ಬರುತ್ತೆ?" ಅಂತ ಕೇಳುವವರು ಇದ್ದೇ ಇರುತ್ತಾರೆ. ದಿನಾ ಬೆಳಿಗ್ಗೆ ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಎಳೆಯುವ ಕೈ, ಹೂ ಕಟ್ಟುವ ಕೈ, ಕೌದಿ ಹೊಲಿಯುವ ಕೈ ನಿಮ್ಮದು. ಆ ಕೈಗೆ ಕಾಗದ ಹೊಸದಿರಬಹುದು, ಕಲೆ ಹೊಸದಲ್ಲ.

ಕಾರ್ಡು ಎಲ್ಲಿಂದ ಬಂತು?

ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಗೆ ಪತ್ರ ಕಳಿಸುವ ಅಂಚೆ ವ್ಯವಸ್ಥೆ ಶುರುವಾಯಿತು. ಹಬ್ಬಕ್ಕೆ ಎಲ್ಲರಿಗೂ ಪತ್ರ ಬರೆಯುವುದು ಕಷ್ಟವಾದಾಗ ಹೆನ್ರಿ ಕೋಲ್ ಎಂಬುವರು 1843ರಲ್ಲಿ ಚಿತ್ರಕಾರ ಜಾನ್ ಕ್ಯಾಲ್‌ಕಾಟ್ ಹಾರ್ಸ್‌ಲಿ ಅವರಿಂದ ಚಿತ್ರ ಬರೆಸಿ ಕ್ರಿಸ್ಮಸ್ ಕಾರ್ಡು ಮುದ್ರಿಸಿದರು. ಮಾರಾಟಕ್ಕೆ ಬಂದ ಮೊದಲ ಕ್ರಿಸ್ಮಸ್ ಕಾರ್ಡು ಅದೇ ಎನ್ನುತ್ತಾರೆ. ಸುಮಾರು 1000 ಪ್ರತಿ ಅಚ್ಚಾಯಿತು. ಒಂದರ ಬೆಲೆ ಒಂದು ಶಿಲ್ಲಿಂಗ್. ಆ ಕಾಲದ ಕೂಲಿಕಾರನಿಗೆ ಅದು ಎಟುಕುವ ಬೆಲೆಯಲ್ಲ. ಆಮೇಲೆ ಮುದ್ರಣ ಅಗ್ಗವಾದ ಹಾಗೆ ಕಾರ್ಡು ಎಲ್ಲರ ಮನೆ ಸೇರಿತು.

1949ರಲ್ಲಿ ಚೆಕೊಸ್ಲೊವಾಕಿಯಾ ದೇಶದ ಜಿಟ್ಕಾ ಸಾಮ್ಕೋವಾ ಎಂಬ 7 ವರ್ಷದ ಹುಡುಗಿ ಬಿಡಿಸಿದ ಚಿತ್ರ ಯುನಿಸೆಫ್‌ನ ಮೊದಲ ಶುಭಾಶಯ ಕಾರ್ಡಾಯಿತು. ಯುದ್ಧದ ನಂತರ ತನ್ನ ಊರಿಗೆ ಸಿಕ್ಕ ನೆರವಿಗೆ ಧನ್ಯವಾದ ಹೇಳಲು ಆ ಮಗು ಬಿಡಿಸಿದ ಚಿತ್ರ ಅದು. ಅಲ್ಲಿಂದ ಮುಂದೆ ಕಾರ್ಡು ಮಾರಿ ಮಕ್ಕಳ ಕೆಲಸಕ್ಕೆ ಹಣ ಕೂಡಿಸುವ ಪದ್ಧತಿ ಬೆಳೆಯಿತು. ನಮ್ಮ ದೇಶದಲ್ಲಿ ರಿಪ್ಪನ್ ಕಪೂರ್ ಅವರು 1979ರಲ್ಲಿ ಗೆಳೆಯರ ಜೊತೆ ಸೇರಿ 50 ರೂಪಾಯಿಯಿಂದ ಕ್ರೈ ಸಂಸ್ಥೆಯನ್ನು ಆರಂಭಿಸಿದರು. ಆ ಸಂಸ್ಥೆಯೂ ಬಹಳ ವರ್ಷ ಕಾರ್ಡು ಮಾರಿಯೇ ಮಕ್ಕಳಿಗಾಗಿ ಹಣ ಸಂಗ್ರಹಿಸಿತು.

ನಮ್ಮ ಕಡೆ ಸಂಕ್ರಾಂತಿ ಬಂತೆಂದರೆ ದೂರದ ಬಂಧುಗಳಿಗೆ ಪುಟ್ಟ ಶುಭಾಶಯ ಪತ್ರದ ಜೊತೆ ನಾಲ್ಕು ಕಾಳು ಕುಸುರೆಳ್ಳು ಹಾಕಿ ಅಂಚೆಗೆ ಕಳಿಸುತ್ತಿದ್ದದ್ದು ಹಿರಿಯರಿಗೆ ನೆನಪಿದ್ದೀತು. ಮೊಬೈಲು ಬಂದ ಮೇಲೆ ಅದು ಕಡಿಮೆಯಾಯಿತು. ಈಗ ಹಬ್ಬದ ದಿನ ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದೇ ಚಿತ್ರ ಹತ್ತು ಜನರಿಂದ ಬರುತ್ತದೆ, ಸಂಜೆಗೆ ಅಳಿಸಿಯೂ ಆಗಿರುತ್ತದೆ. ಅಂಗಡಿ ಕಾರ್ಡಿನ ಮಾರಾಟ ಇಳಿದಿದ್ದರೂ ಕೈಯಿಂದ ಮಾಡಿದ ಕಾರ್ಡನ್ನು ಜನ ಬಿಸಾಡುವುದಿಲ್ಲ. ಅದನ್ನು ಬೀರುವಿನಲ್ಲಿ ಇಡುತ್ತಾರೆ. ಏಕೆಂದರೆ ಅದರಲ್ಲಿ ಒಬ್ಬರ ಸಮಯ ಇದೆ.

ಕಾರ್ಡಿಗೆ ಏನೇನು ಬೇಕು?

ಪೇಟೆಗೆ ಹೋಗಿ ದುಡ್ಡು ಸುರಿಯಬೇಕಾಗಿಲ್ಲ. ಮೊದಲು ಮನೆಯಲ್ಲಿ ಏನಿದೆ ನೋಡಿ: ಹಳೆಯ ಲಗ್ನಪತ್ರಿಕೆಗಳು, ಟೈಲರಿಂಗ್ ಮಾಡುವ ಸದಸ್ಯೆಯರ ಹತ್ತಿರ ಉಳಿದ ರವಿಕೆ ಬಟ್ಟೆಯ ಚಿಂದಿ, ಲೇಸು, ಬಣ್ಣದ ದಾರ, ಒಡೆದ ಸರದ ಮಣಿ, ಒಣಗಿದ ಎಲೆ, ಕಾಗದದ ಹೂ.

ಕೊಂಡುಕೊಳ್ಳಬೇಕಾದದ್ದು ದಪ್ಪ ಕಾಗದ, ಗಮ್ಮು, ಒಂದು ಸ್ಟೀಲ್ ಸ್ಕೇಲು, ಒಳ್ಳೆಯ ಕತ್ತರಿ ಇಷ್ಟೇ. ಕಾಗದದ ದಪ್ಪವನ್ನು ಅಂಗಡಿಯವರು ಜಿಎಸ್ಎಂ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂದು. ಜೆರಾಕ್ಸ್ ಕಾಗದ 70ರಿಂದ 80 ಜಿಎಸ್ಎಂ ಇರುತ್ತದೆ. ಅದರಲ್ಲಿ ಕಾರ್ಡು ಮಾಡಿದರೆ ನಿಲ್ಲುವುದಿಲ್ಲ. 200ರಿಂದ 300 ಜಿಎಸ್ಎಂ ಕಾಗದ ಕೇಳಿ ತೆಗೆದುಕೊಳ್ಳಿ.

ಕೈಕಾಗದ ಸಿಕ್ಕರೆ ಇನ್ನೂ ಚೆಂದ. ರಾಜಸ್ಥಾನದ ಸಾಂಗಾನೇರ್‌ನಲ್ಲಿ ಕಾಗಜಿ ಮನೆತನದವರು ತಲೆತಲಾಂತರದಿಂದ ಕೈಯಿಂದ ಕಾಗದ ಮಾಡುತ್ತಿದ್ದಾರೆ. ಪುದುಚೇರಿಯಲ್ಲೂ 1959ರಿಂದ ಕೈಕಾಗದದ ಘಟಕವಿದೆ. ಇಂತಹ ಕಾಗದವನ್ನು ಹೆಚ್ಚಾಗಿ ಬಟ್ಟೆ ಕಾರ್ಖಾನೆಗಳಲ್ಲಿ ಉಳಿದ ಹತ್ತಿಯ ಚಿಂದಿಯಿಂದ ಮಾಡುತ್ತಾರೆ. ಮರ ಕಡಿಯಬೇಕಾಗಿಲ್ಲ, ಬಾಳಿಕೆಯೂ ಹೆಚ್ಚು.

ಮಾಡುವ ವಿಧಾನ

1. ಎ4 ಅಳತೆಯ (210 x 297 ಮಿ.ಮೀ.) ದಪ್ಪ ಹಾಳೆಯನ್ನು ಅಡ್ಡಕ್ಕೆ ಸರಿಯಾಗಿ ಎರಡು ತುಂಡು ಮಾಡಿ. ಒಂದೊಂದು ತುಂಡನ್ನೂ ಮಧ್ಯಕ್ಕೆ ಮಡಚಿದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಎರಡು ಕಾರ್ಡು ಸಿಗುತ್ತವೆ.

2. ದಪ್ಪ ಕಾಗದವನ್ನು ನೇರವಾಗಿ ಮಡಚಿದರೆ ಅಂಚು ಬಿರಿಯುತ್ತದೆ. ಮಡಚುವ ಜಾಗದಲ್ಲಿ ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಒಂದು ಗೆರೆ ಎಳೆಯಿರಿ. ಕೆಳಗೆ ಎರಡು ಮೂರು ಪದರ ಪೇಪರ್ ಇರಲಿ. ಆ ಗೆರೆಯ ಮೇಲೆ ಮಡಚಿದರೆ ಅಂಗಡಿ ಕಾರ್ಡಿನ ಹಾಗೆ ನೀಟಾಗಿ ಬರುತ್ತದೆ.

3. ಯಂತ್ರದಲ್ಲಿ ಮಾಡಿದ ಕಾಗದಕ್ಕೂ ಬಟ್ಟೆಯ ಹಾಗೆ ಎಳೆ ಇರುತ್ತದೆ. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆಗೆ ಸುಲಭವಾಗಿ ಬಾಗುತ್ತದೋ ಆ ಕಡೆಗೆ ಮಡಿಕೆ ಬರುವಂತೆ ಕತ್ತರಿಸಿಕೊಂಡರೆ ಕಾರ್ಡು ಸೊಟ್ಟಗಾಗುವುದಿಲ್ಲ.

4. ಅಲಂಕಾರವನ್ನು ಮೊದಲು ಅಂಟಿಸದೆ ಸುಮ್ಮನೆ ಜೋಡಿಸಿ ನೋಡಿ. ನಾಲ್ಕು ಮೂಲೆಗೂ ಏನಾದರೂ ತುಂಬಲೇಬೇಕೆಂದಿಲ್ಲ. ಒಂದು ಎಲೆ, ಒಂದು ಮಣಿ, ಉಳಿದದ್ದು ಖಾಲಿ. ಹಾಗೆ ಬಿಟ್ಟರೆ ಕಣ್ಣಿಗೆ ಹಿತ.

5. ಬಿಳಿ ಗಮ್ಮಿನಲ್ಲಿ ನೀರಿನ ಅಂಶವಿದೆ. ಹೆಚ್ಚು ಹಚ್ಚಿದರೆ ಕಾಗದ ಸುಕ್ಕುಗಟ್ಟುತ್ತದೆ. ಹಳೆಯ ಬ್ರಷ್‌ನಿಂದ ತೆಳ್ಳಗೆ ಹಚ್ಚಿ, ಮೇಲೊಂದು ಬಿಳಿ ಹಾಳೆ ಇಟ್ಟು, ದಪ್ಪ ಪುಸ್ತಕದ ಭಾರ ಹೇರಿ ಒಂದು ರಾತ್ರಿ ಬಿಡಿ.

6. ಕವರು ಕಾರ್ಡಿಗಿಂತ ಎಲ್ಲಾ ಕಡೆ ಅರ್ಧ ಸೆಂಟಿಮೀಟರ್ ದೊಡ್ಡದಿರಲಿ. ಮಣಿ, ಗುಂಡಿ ಅಂಟಿಸಿದ ದಪ್ಪ ಕಾರ್ಡನ್ನು ಕೈಯಲ್ಲೇ ಕೊಡುವುದು ಒಳ್ಳೆಯದು. ಅಂಚೆಗೆ ಹಾಕುವ ಕಾರ್ಡು ಚಪ್ಪಟೆಯಾಗಿದ್ದರೆ ಹಾಳಾಗದೆ ತಲುಪುತ್ತದೆ. ತೂಕವನ್ನು ಅಂಚೆ ಕಚೇರಿಯಲ್ಲೇ ನೋಡಿಸಿ ಸ್ಟ್ಯಾಂಪು ಹಚ್ಚಿ.

ಹೂವು, ಎಲೆ ಒಣಗಿಸುವುದು: ದಳ ತೆಳ್ಳಗಿರುವ ಹೂವನ್ನೇ ಆರಿಸಿ. ಗುಲಾಬಿಯಂತಹ ದಪ್ಪ ಹೂವು ಇಡಿಯಾಗಿ ಇಟ್ಟರೆ ಬೂಸ್ಟು ಹಿಡಿಯುತ್ತದೆ, ದಳ ಬಿಡಿಸಿ ಇಡಿ. ಇಬ್ಬನಿ ಆರಿದ ಮೇಲೆ ಕಿತ್ತು, ಪೇಪರಿನ ಮಡಿಕೆಯಲ್ಲಿಟ್ಟು, ಮೇಲೆ ಭಾರ ಹೇರಿ. ಎರಡು ವಾರ ಬೇಕಾಗುತ್ತದೆ. ಮಳೆಗಾಲದಲ್ಲಿ ಪೇಪರನ್ನು ದಿನಾ ಬದಲಿಸಿ. ಅಶ್ವತ್ಥದ ಎಲೆಯನ್ನು ಮೂರು ನಾಲ್ಕು ವಾರ ನೀರಿನಲ್ಲಿ ನೆನೆಹಾಕಿ, ನಡುನಡುವೆ ನೀರು ಬದಲಿಸಿ, ಕೊಳೆತ ಹಸಿರನ್ನು ಮೆತ್ತನೆಯ ಬ್ರಷ್‌ನಿಂದ ತೊಳೆದರೆ ಜಾಲರಿಯಂತಹ ನರ ಮಾತ್ರ ಉಳಿಯುತ್ತದೆ. ಅದನ್ನು ಬಣ್ಣದ ಕಾಗದದ ಮೇಲೆ ಅಂಟಿಸಿದರೆ ಬೇರೆ ಅಲಂಕಾರವೇ ಬೇಡ.

ಹೆಬ್ಬೆಟ್ಟಿನ ಹೂವು

ನಮ್ಮ ಸಂಘಗಳಲ್ಲಿ ಓದು ಬರಹ ಬಾರದ ಸಹೋದರಿಯರು ಇದ್ದಾರೆ. "ಹೆಬ್ಬೆಟ್ಟು" ಎಂಬ ಮಾತನ್ನು ಜನ ಹೀಯಾಳಿಸಲು ಬಳಸಿದ್ದನ್ನು ಅವರು ಕೇಳಿ ನೊಂದಿದ್ದಾರೆ. ಅದೇ ಹೆಬ್ಬೆಟ್ಟಿನಿಂದ ಚೆಂದದ ಕಾರ್ಡು ಆಗುತ್ತದೆ. ಸ್ಟ್ಯಾಂಪ್ ಪ್ಯಾಡಿಗೆ ಬೆರಳೊತ್ತಿ ಕಾಗದದ ಮೇಲೆ ಸುತ್ತಲೂ ಐದು ಗುರುತು ಹಾಕಿದರೆ ಒಂದು ಹೂವು. ಎರಡು ಗುರುತು ಓರೆಯಾಗಿ ಹಾಕಿದರೆ ಪಾತರಗಿತ್ತಿ. ಕಿರುಬೆರಳಿನ ಗುರುತಿಗೆ ಕೊಕ್ಕು, ಕಾಲು ಎಳೆದರೆ ಗುಬ್ಬಚ್ಚಿ. ಒಬ್ಬರ ಬೆರಳಿನ ಗೆರೆ ಇನ್ನೊಬ್ಬರಿಗೆ ಇರುವುದಿಲ್ಲ. ಆದ್ದರಿಂದ ಆ ಕಾರ್ಡನ್ನು ಪ್ರಪಂಚದಲ್ಲಿ ಬೇರೆ ಯಾರೂ ಮಾಡಲಾರರು. ಒಳಗೆ ಬರೆಯಬೇಕಾದ ಮಾತನ್ನು ಆಕೆ ಹೇಳಲಿ, ಮಗಳೋ ಮೊಮ್ಮಗನೋ ಬರೆಯಲಿ. ಮಾತು ಮಾತ್ರ ಆಕೆಯದೇ ಇರಬೇಕು, ಬರೆಯುವವರು ತಿದ್ದಬಾರದು.

ಒಳಗಿನ ಮಾತು ನಿಮ್ಮ ಮನೆಯ ಭಾಷೆಯಲ್ಲೇ ಇರಲಿ. ತುಳು, ಕೊಂಕಣಿ ಆಡುವವರು ಅದನ್ನೇ ಕನ್ನಡ ಅಕ್ಷರದಲ್ಲಿ ಬರೆಯಬಹುದು. "ಹೊಸ ವರುಷದ ಹಾರ್ದಿಕ ಶುಭಾಶಯಗಳು" ಎಂದು ಎಲ್ಲರೂ ಬರೆಯುತ್ತಾರೆ. "ಬಾಣಂತನಕ್ಕೆ ನೀನು ಬಂದು ನಿಂತದ್ದನ್ನು ಮರೆತಿಲ್ಲ ಅಕ್ಕ" ಎಂದು ಒಬ್ಬ ತಂಗಿ ಮಾತ್ರ ಬರೆಯಬಲ್ಲಳು.

ನೆನಪಿನ ಪುಸ್ತಕ

ಚೂರು ಕಾಗದಗಳನ್ನು ಅಂಟಿಸಿಡುವ ಹವ್ಯಾಸ ಹಳೆಯದು. ಅಮೆರಿಕದ ಪ್ರಸಿದ್ಧ ಲೇಖಕ ಮಾರ್ಕ್ ಟ್ವೇನ್‌ಗೂ ಇದರ ಹುಚ್ಚಿತ್ತು. ಪುಟಕ್ಕೆ ಮೊದಲೇ ಅಂಟು ಹಚ್ಚಿದ, ನೀರು ತಾಗಿಸಿದರೆ ಸಾಕೆನ್ನುವ ಪುಸ್ತಕವೊಂದಕ್ಕೆ ಅವರು 1873ರಲ್ಲಿ ಪೇಟೆಂಟ್ ಪಡೆದರು.

ನಮಗೆ ಇದು ಹವ್ಯಾಸಕ್ಕಿಂತ ಹೆಚ್ಚು. ಎಷ್ಟೋ ಮನೆಗಳಲ್ಲಿ ಜಮೀನಿನ ಪತ್ರದಲ್ಲಿ ಹೆಂಗಸಿನ ಹೆಸರಿಲ್ಲ, ಮನೆಯ ಗೋಡೆಯ ಮೇಲೆ ಅವಳ ಒಂಟಿ ಫೋಟೋ ಇಲ್ಲ. ಅಜ್ಜಿಯ ತವರೂರು ಯಾವುದು, ಅವಳು ಯಾವ ಹಾಡು ಹೇಳುತ್ತಿದ್ದಳು ಎಂದು ಮೊಮ್ಮಕ್ಕಳಿಗೆ ಗೊತ್ತಿಲ್ಲ. ಮೊಬೈಲಿನಲ್ಲಿ ನೂರಾರು ಫೋಟೋ ಇರಬಹುದು. ಮೊಬೈಲು ನೀರಿಗೆ ಬಿದ್ದರೆ ಅಷ್ಟೂ ಹೋಯಿತು. ವರ್ಷಕ್ಕೆ ಹತ್ತು ಫೋಟೋ ಆದರೂ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಪುಸ್ತಕಕ್ಕೆ ಅಂಟಿಸಿ.

ಪುಸ್ತಕ ಹೊಲಿಯುವುದು: ಎ4 ಅಳತೆಯ 5 ಡ್ರಾಯಿಂಗ್ ಹಾಳೆ ಮತ್ತು ರಟ್ಟಿಗೆ ಒಂದು ದಪ್ಪ ಹಾಳೆ ಒಟ್ಟಿಗೆ ಇಟ್ಟು ಮಧ್ಯಕ್ಕೆ ಮಡಚಿ. ಒಳಗೆ 20 ಪುಟ ಆಗುತ್ತದೆ. ಮಡಿಕೆಯ ಮೇಲೆ ಮಧ್ಯ, ಮೇಲೆ, ಕೆಳಗೆ ಹೀಗೆ ಮೂರು ತೂತು ಮಾಡಿ. ದಪ್ಪ ದಾರ ಪೋಣಿಸಿದ ಸೂಜಿಯನ್ನು ಒಳಗಿನಿಂದ ಮಧ್ಯದ ತೂತಿನಲ್ಲಿ ಹೊರಗೆ ತೆಗೆಯಿರಿ. ಹೊರಗಿನಿಂದ ಮೇಲಿನ ತೂತಿನಲ್ಲಿ ಒಳಗೆ ತನ್ನಿ. ಒಳಗೆ ಮಧ್ಯದ ತೂತನ್ನು ಬಿಟ್ಟು ಕೆಳಗಿನ ತೂತಿನಲ್ಲಿ ಹೊರಗೆ ತೆಗೆಯಿರಿ. ಕೊನೆಗೆ ಮತ್ತೆ ಮಧ್ಯದ ತೂತಿನಲ್ಲಿ ಒಳಗೆ ತನ್ನಿ. ಒಳಗೆ ಇರುವ ಉದ್ದ ದಾರದ ಆಚೆ ಒಂದು ತುದಿ, ಈಚೆ ಒಂದು ತುದಿ ಬರುವಂತೆ ಹಿಡಿದು ಗಂಟು ಹಾಕಿ. ಫೋಟೋ ಅಂಟಿಸಿದ ಮೇಲೆ ಪುಸ್ತಕ ಹೊಟ್ಟೆ ಉಬ್ಬಿದ ಹಾಗೆ ಆಗದಿರಲು, ಒಂದೆರಡು ಪುಟ ಬಿಟ್ಟು ಮಡಿಕೆಯ ಪಕ್ಕದಲ್ಲಿ ದಪ್ಪ ಕಾಗದದ ಸಣ್ಣ ಪಟ್ಟಿ ಅಂಟಿಸಿ.

ಗಮನಿಸಬೇಕಾದ ಅಂಶಗಳು:

- ಫೋಟೋಗೆ ಸೆಲ್ಲೋಟೇಪ್ ಬೇಡ. ಅದು ಹಳದಿಯಾಗಿ ಕಲೆ ಬಿಡುತ್ತದೆ. ಕಾಗದದಿಂದ ತ್ರಿಕೋನದ ಮೂಲೆಗಳನ್ನು ಮಾಡಿ ಪುಟಕ್ಕೆ ಅಂಟಿಸಿ, ಫೋಟೋವನ್ನು ಅದರೊಳಗೆ ಸಿಕ್ಕಿಸಿ. ಬೇಕಾದಾಗ ತೆಗೆಯಬಹುದು.
- ಹಳೆಯ ಒಂದೇ ಒಂದು ಫೋಟೋ ಇದ್ದರೆ ಅದನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಮತ್ತೆ ಬಿಡಿಸಲು ಬರುವುದಿಲ್ಲ. ಅದರ ಪ್ರತಿ ತೆಗೆಸಿ ಪುಸ್ತಕಕ್ಕೆ ಹಾಕಿ, ಮೂಲವನ್ನು ಬೇರೆಯಾಗಿ ಕಾಪಾಡಿ.
- ಪತ್ರಿಕೆಯ ತುಣುಕು ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಬಸ್ ಟಿಕೆಟ್, ಎಟಿಎಂ ಚೀಟಿಯಂತಹ ನುಣುಪು ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಬಹುದು. ಇವೆರಡನ್ನೂ ಜೆರಾಕ್ಸ್ ಮಾಡಿಸಿ ಅಂಟಿಸಿ.
- ಮೈದಾ ಅಂಟಿಗೆ ಜಿರಲೆ, ಹುಳ ಬರುತ್ತವೆ. ಪುಸ್ತಕಕ್ಕೆ ಬೇಡ.
- ಫೋಟೋ ಹಿಂದೆ ಬಾಲ್‌ಪೆನ್ನಿನಿಂದ ಒತ್ತಿ ಬರೆಯಬೇಡಿ. ಮೆತ್ತನೆ ಪೆನ್ಸಿಲಿನಿಂದ ಯಾರು, ಎಲ್ಲಿ, ಯಾವ ವರ್ಷ ಎಂದು ಬರೆಯಿರಿ. ಹೆಸರಿಲ್ಲದ ಫೋಟೋ ಮೂವತ್ತು ವರ್ಷದ ಮೇಲೆ ಯಾರದ್ದೂ ಅಲ್ಲ.
- ಒದ್ದೆ ಗೋಡೆಗೆ ತಾಗಿಸಿ ಇಡಬೇಡಿ. ಶುಭ್ರ ಹತ್ತಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿ ಇಡಿ.

ಸಂಘಕ್ಕೂ ಇಂತಹ ಒಂದು ಪುಸ್ತಕ ಇರಲಿ. ಮೊದಲ ಸಭೆಯ ಫೋಟೋ, ಮೊದಲ ಸಾಲದಿಂದ ಕೊಂಡ ಹೊಲಿಗೆ ಯಂತ್ರ ಅಥವಾ ಹಸು, ಕುಡಿಯುವ ನೀರಿಗಾಗಿ ಪಂಚಾಯಿತಿಗೆ ಬರೆದ ಅರ್ಜಿಯ ಪ್ರತಿ, ನೀವೇ ಕಟ್ಟಿದ ಹಾಡು, ತೀರಿಹೋದ ಸದಸ್ಯೆಯ ನೆನಪು ಎಲ್ಲಾ ಅದರಲ್ಲಿ ಬರಲಿ. ಲೆಕ್ಕದ ಪುಸ್ತಕದಲ್ಲಿ ಎಷ್ಟು ಹಣ ಎಂದು ಮಾತ್ರ ಇರುತ್ತದೆ. ಅದರ ಹಿಂದಿನ ಧೈರ್ಯ ಈ ಪುಸ್ತಕದಲ್ಲಿ ಇರುತ್ತದೆ. ಆದರೆ ಯಾರ ಫೋಟೋ ಹಾಕುವುದಿದ್ದರೂ ಅವರನ್ನು ಕೇಳಿಯೇ ಹಾಕಬೇಕು. ಸಾಲ ಬಾಕಿ, ಮನೆಯ ಜಗಳ, ಕಾಯಿಲೆ ಇವು ಪುಸ್ತಕಕ್ಕೆ ಬರಬಾರದು. ಪಾಸ್‌ಬುಕ್, ಆಧಾರ್ ಸಂಖ್ಯೆ ಕಾಣುವಂತೆ ಏನನ್ನೂ ಅಂಟಿಸಬಾರದು.

ಮಾರಾಟ ಮಾಡಬಹುದೇ?

ಮಾಡಬಹುದು. ಕ್ರಿಸ್ಮಸ್, ಹೊಸ ವರ್ಷ, ಸಂಕ್ರಾಂತಿ, ರಂಜಾನ್, ದೀಪಾವಳಿ, ಶಿಕ್ಷಕರ ದಿನಾಚರಣೆ ಇವುಗಳ ಮುಂಚೆ ಶಾಲೆ, ಚರ್ಚ್ ಆವರಣ, ಸಂಘಗಳ ಮೇಳಗಳಲ್ಲಿ ಕೊಳ್ಳುವವರು ಸಿಗುತ್ತಾರೆ. ಆದರೆ ಇದು ವರ್ಷವಿಡೀ ಸಂಸಾರ ಸಾಗಿಸುವ ಉದ್ಯೋಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲು ಲೆಕ್ಕ ಹಾಕಿ. ಇಲ್ಲಿ ಕೊಟ್ಟಿರುವುದು ಉದಾಹರಣೆ ಮಾತ್ರ. ನಿಮ್ಮ ಪೇಟೆಯ ಬೆಲೆಯನ್ನು ನೀವೇ ಹಾಕಿಕೊಳ್ಳಿ.

20 ಕಾರ್ಡಿಗೆ
ದಪ್ಪ ಹಾಳೆ 10 (ತಲಾ ರೂ. 12): ರೂ. 120
ಕವರು 20 (ತಲಾ ರೂ. 2.50): ರೂ. 50
ಗಮ್ಮು, ದಾರ, ಮಣಿ: ರೂ. 40
ಬಸ್ ಖರ್ಚು: ರೂ. 60
ಒಟ್ಟು ಸಾಮಾನಿನ ಖರ್ಚು: ರೂ. 270

ಒಂದು ಕಾರ್ಡಿಗೆ 20 ನಿಮಿಷ ಎಂದರೆ 20 ಕಾರ್ಡಿಗೆ 6 ಗಂಟೆ 40 ನಿಮಿಷ. ಗಂಟೆಗೆ 50 ರೂಪಾಯಿ ಕೂಲಿ ಹಿಡಿದರೆ ರೂ. 333. ಎಲ್ಲಾ ಸೇರಿ ರೂ. 603. ಎರಡು ಕಾರ್ಡು ಕೆಟ್ಟು ಹೋದವು ಎಂದಿಟ್ಟುಕೊಂಡರೆ ಮಾರಲು ಉಳಿದದ್ದು 18. ಅಂದರೆ ಒಂದು ಕಾರ್ಡಿನ ಅಸಲು ಸುಮಾರು ರೂ. 33.50. ಅಂಗಡಿಯವರಿಗೆ ನೂರಕ್ಕೆ 25 ಕಮಿಷನ್ ಕೊಡಬೇಕಾದರೆ ಮಾರುವ ಬೆಲೆ ರೂ. 45 ಆಗಲೇಬೇಕು.

"ಇಪ್ಪತ್ತು ರೂಪಾಯಿಗೆ ಕೊಟ್ಟುಬಿಡೋಣ, ಬೇಗ ಖರ್ಚಾಗುತ್ತೆ" ಅಂತ ಹೇಳುವವರೂ ಇದ್ದಾರೆ. ಆಗ 18 ಕಾರ್ಡಿಗೆ ಬರುವುದು ರೂ. 360. ಸಾಮಾನಿನ ರೂ. 270 ಕಳೆದರೆ ಉಳಿಯುವುದು ರೂ. 90. ಗಂಟೆಗೆ ಹದಿಮೂರು ಚಿಲ್ಲರೆ ರೂಪಾಯಿ ಮಾತ್ರ. ಮನೆಯಲ್ಲಿ ಕೂತು ಮಾಡಿದ ಕೆಲಸಕ್ಕೆ ಕೂಲಿ ಯಾಕೆ ಎಂದು ನಾವೇ ಅಂದುಕೊಂಡರೆ, ಬೇರೆಯವರು ನಮ್ಮ ದುಡಿಮೆಗೆ ಬೆಲೆ ಕೊಡುತ್ತಾರೆಯೇ? ಪ್ರೀತಿಗಾಗಿ ಮಾಡಿದ್ದನ್ನು ಸುಮ್ಮನೆ ಕೊಡಿ. ಮಾರುವುದಾದರೆ ನಿಮ್ಮ ಕೂಲಿ ಸೇರಿಸಿಯೇ ಮಾರಿ. ಸಿನಿಮಾ ನಟರ ಚಿತ್ರ, ಬೇರೆ ಕಂಪನಿಯ ಕಾರ್ಟೂನ್ ಗೊಂಬೆಗಳನ್ನು ಮಾರುವ ಕಾರ್ಡಿಗೆ ಬಳಸಬೇಡಿ. ಅದಕ್ಕೆ ಅವರ ಅನುಮತಿ ಬೇಕು. ಕಸೂತಿ, ರಂಗೋಲಿ, ಹಸೆಯ ಚಿತ್ತಾರ ನಮ್ಮ ನಾಡಿನ ಕಲೆಗಳೇ ಇವೆಯಲ್ಲ.

ಎಚ್ಚರ!

"ಮನೆಯಲ್ಲೇ ಕುಳಿತು ಕಾರ್ಡು ಮಾಡಿ, ತಿಂಗಳಿಗೆ ಸಾವಿರಾರು ರೂಪಾಯಿ ಸಂಪಾದಿಸಿ" ಎಂಬ ಜಾಹೀರಾತು, ಮೊಬೈಲ್ ಸಂದೇಶ ಬರುತ್ತದೆ. ಮೊದಲು ಸಾಮಾನಿನ ಕಿಟ್‌ಗೆಂದು ಡಿಪಾಸಿಟ್ ಕೇಳುತ್ತಾರೆ. ನೀವು ಕಷ್ಟಪಟ್ಟು ಮಾಡಿಕೊಟ್ಟ ಮೇಲೆ "ಕೆಲಸ ಸರಿಯಿಲ್ಲ" ಎಂದು ತಿರಸ್ಕರಿಸುತ್ತಾರೆ, ಇಲ್ಲವೇ ಫೋನ್ ತೆಗೆಯುವುದೇ ಇಲ್ಲ. ಇದು ಬಹಳ ಹಳೆಯ ಮೋಸ. ಕೆಲಸ ಕೊಡುವವರು ಕೂಲಿ ಕೊಡಬೇಕು, ನಮ್ಮಿಂದ ಹಣ ಕೇಳಬಾರದು ಎಂಬುದನ್ನು ನೆನಪಿಡಿ. ಸಂಘದ ಉಳಿತಾಯದ ಹಣವನ್ನು ಇಂತಹವರಿಗೆ ಕೊಡುವ ಮಾತೇ ಬೇಡ. ಆನ್‌ಲೈನಿನಲ್ಲಿ ಹಣ ಕಳಿಸಿ ಮೋಸ ಹೋದರೆ ನಾಚಿಕೊಂಡು ಸುಮ್ಮನಿರದೆ ತಕ್ಷಣ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಿ. ಎಷ್ಟು ಬೇಗ ತಿಳಿಸಿದರೆ ಅಷ್ಟು ಒಳ್ಳೆಯದು.

ಕೊನೆಯದಾಗಿ, ವಾರಕ್ಕೆ ಒಂದು ಗಂಟೆ ಇದಕ್ಕೆಂದು ಎತ್ತಿಡಿ. ಆ ಹೊತ್ತಿನಲ್ಲಿ ಮನೆಯವರು ಚಹಾ ಕೇಳಿದರೆ "ಈಗ ನನ್ನ ಕೆಲಸ ಇದೆ, ನೀವೇ ಮಾಡಿಕೊಳ್ಳಿ" ಅನ್ನಲು ಕಲಿಯಿರಿ. ಕಾರ್ಡು ಸ್ವಲ್ಪ ಸೊಟ್ಟಗಾದರೂ ಪರವಾಗಿಲ್ಲ, ಈ ಮಾತು ನೆಟ್ಟಗಿರಲಿ.

ಮುಂದಿನ ಸಭೆಯಲ್ಲಿ ಚರ್ಚಿಸಿ:

1. ನಮ್ಮ ಸಂಘದ ಮೊದಲ ಸಭೆಗೆ ಬಂದವರು ಯಾರು ಯಾರು? ಅವರೆಲ್ಲರ ಹೆಸರು, ಫೋಟೋ ನಮ್ಮ ಹತ್ತಿರ ಇದೆಯೇ?
2. ನಮ್ಮ ಮನೆಯಲ್ಲಿ ತಾಯಿಯ, ಅಜ್ಜಿಯ ಫೋಟೋ ಎಲ್ಲಿದೆ? ಅದರ ಹಿಂದೆ ಹೆಸರು ಬರೆದಿದೆಯೇ?
3. ಈ ವರ್ಷ ನಾವು ಧನ್ಯವಾದ ಹೇಳಲೇಬೇಕಾದ ಒಬ್ಬರು ಯಾರು? ಅವರಿಗೆ ಕಾರ್ಡಿನಲ್ಲಿ ಯಾವ ಮಾತು ಬರೆಯುತ್ತೇವೆ?
4. ಮನೆಯಲ್ಲಿ ನಾವು ಮಾಡುವ ಕೆಲಸಕ್ಕೆ ಗಂಟೆಗೆ ಎಷ್ಟು ಕೂಲಿ ಎಂದು ಸಂಘದಲ್ಲಿ ಎಲ್ಲರೂ ಕೂಡಿ ತೀರ್ಮಾನಿಸೋಣವೇ?